ಮೊಣಕಾಲೆತ್ತರದ ಹಾಸಿಗೆ

ಹೋದ ಶನಿವಾರ ಕೊಳಾಯಿಗೊಂದು ವಾಷರ್ ಬೇಕೆಂದು ಗೆಳೆಯ ಮಂಜನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಹೊಸ ಕ್ಯಾನ್ವಾಸ್ ಬಟ್ಟೆಯ ಸುರುಳಿ ಬಿಚ್ಚುತ್ತಿದ್ದರು. ಮೇಣಕ್ಕೂ ಗೋಣಿಗೂ ನಡುವೆ ಎಲ್ಲೋ ನಿಲ್ಲುವ ಅದರ ವಾಸನೆ ನಿಮಗೂ ಗೊತ್ತಿರಬಹುದು. ವಾಷರಿನ ವಿಷಯ ನನ್ನ ತಲೆಯಿಂದ ಹಾರಿಹೋಯಿತು. ಹೋದ ವರ್ಷದ ಒಂದು ಭಾನುವಾರಕ್ಕೆ ಹೋಗಿ ಕೂತುಬಿಟ್ಟೆ.

ಆ ಭಾನುವಾರ ಶಂಕರಪುರದ ನಮ್ಮ ಮನೆಯ ವರಾಂಡದಲ್ಲಿ ನಾಲ್ಕು ಜನ ಇದ್ದೆವು. ನಾನು, ನನ್ನ ಹೆಂಡತಿ ಸುಧಾ, ನಾಲ್ಕನೇ ಕ್ಲಾಸಿನಿಂದ ನನ್ನ ಬೆನ್ನು ಬಿಡದ ಮಂಜ, ಮತ್ತೆ ಕಮಲೂ ಚಿಕ್ಕಮ್ಮ. ಚಿಕ್ಕಮ್ಮ ನನ್ನ ತಾಯಿಯ ಕೊನೆಯ ತಂಗಿ. ಎಪ್ಪತ್ತನಾಲ್ಕು ವರ್ಷ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿದವರು. ನನಗೆ ಮಾತು ಕಲಿಸಿದವರೂ ಅವರೇ ಎನ್ನಬೇಕು. ನಾನು ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಇವತ್ತಿಗೂ ಹುಬ್ಬೇರಿಸಿ ಕಾಯುತ್ತಾರೆ.

ಸಭೆ ಕರೆದವರೂ ಅವರೇ. ಭೀಮಾ ನದಿ ಬಂದು ಕೃಷ್ಣೆಗೆ ಸೇರುವ ಜಾಗದಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಡಬೇಕೆಂಬುದು ಅವರ ಆಸೆ.

"ಬೋರ್ಡಿನ ಮೇಲೆ ಮೂವತ್ತು ವರ್ಷ ಸೇರಿಸಿದೀನಿ ಕಣೋ. ಅವು ನಿಜವಾಗ್ಲೂ ಸೇರ್ತವಾ ಅಂತ ಒಂದ್ಸಲ ನೋಡ್ಬೇಕು," ಎಂದರು.

ಮಂಜ ಆ ಕಡೆ ತಿರುಗಾಡಿದವನು. ಟಾರು ರಸ್ತೆ ಮುಗಿದ ಮೇಲೆ ಎರೆಮಣ್ಣಿನ ಗಾಡಿ ಜಾಡು, ಹತ್ತಿರದಲ್ಲಿ ಲಾಡ್ಜಿಲ್ಲ, ಹೋಗಿ ಬರುವಷ್ಟರಲ್ಲಿ ಸೊಂಟ ಇರುವುದಿಲ್ಲ ಎಂದ. ತನ್ನ ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥ, ಮಲಗಲು ಜಾಗವಿರುವ ಟ್ರೇಲರ್ ಒಂದೇ ದಾರಿ ಎಂದೂ ಅವನೇ ಹೇಳಿದ. ಹಾಗೆ ಹೇಳುವ ಮೊದಲೇ ಹೊಸ ವಾಸನೆ ಬಿಡದ ಅವನ ಕ್ಯಾನ್ವಾಸ್ ಚೀಲದಲ್ಲಿ ಎರಡು ಕ್ಯಾಟಲಾಗು ಇದ್ದವು.

ಒಂದರಲ್ಲಿ ಎತ್ತರದ್ದು. ದೊಡ್ಡ ಚಕ್ರ, ನೆತ್ತಿಯ ಮೇಲೆ ಬಿಚ್ಚಿಕೊಳ್ಳುವ ಟೆಂಟು, ಅದಕ್ಕೊಂದು ಏಣಿ; ನಾಲ್ಕೂ ಜನ ಮೇಲೆ ಮಲಗಬಹುದು. ಇನ್ನೊಂದು ಗಿಡ್ಡ, ಮೊಟ್ಟೆಯಾಕಾರದ್ದು. ಬಾಗಿಲು ತೆಗೆದರೆ ಮೊಣಕಾಲೆತ್ತರಕ್ಕೆ ಹಾಸಿಗೆ, ಹಿಂದೆ ಎಳೆದುಕೊಳ್ಳುವ ಅಡುಗೆಕಟ್ಟೆ. ಆದರೆ ಮಲಗಲು ಇಬ್ಬರಿಗೆ ಮಾತ್ರ ಜಾಗ. ಮಿಕ್ಕಿಬ್ಬರಿಗೆ ನೆಲವೇ ಗತಿ.

"ಇದರಲ್ಲಿ ಯೋಚ್ನೆ ಮಾಡೋದೇನಿದೆ ಗುರು? ಎತ್ತರದ್ದೇ ಸರಿ. ಹಾವು ಚೇಳು ಹತ್ತಲ್ಲ, ಗಾಳಿ ಸಕತ್ತಾಗ್ ಬರುತ್ತೆ," ಎಂದ ಮಂಜ.

"ಬಾತ್‌ರೂಮಿಗೆ?" ಎಂದಳು ಸುಧಾ.

"ಅದಕ್ಕೊಂದು ಬೇರೆ ಗುಡಾರ ಬರುತ್ತೆ ಅತ್ತಿಗೆ."

ನಾನು ನನ್ನ ಪಾಲಿಗೆ, ಆರಾಮಕುರ್ಚಿ ಎಲ್ಲಿ ಇಡೋದು ಎಂದು ಕೇಳಿದೆ. ಮೂವರೂ ನನ್ನನ್ನು ನೋಡಿದ ರೀತಿಯಲ್ಲೇ ಆ ವಿಷಯ ಮುಗಿಯಿತು.

ಚಿಕ್ಕಮ್ಮ ಏಣಿಯ ಚಿತ್ರವನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏಣಿ ತಾನೇ? ಹತ್ತಿದ್ರಾಯ್ತು. ನಿಮಗೆಲ್ಲ ಯಾವ್ದು ಅನುಕೂಲವೋ ಅದನ್ನೇ ತಗೊಳ್ಳಿ," ಎಂದರು. ಮುಂದಿನ ಭಾನುವಾರ ತೀರ್ಮಾನ ಎಂದಾಯಿತು.

ಬುಧವಾರ ಮಧ್ಯಾಹ್ನ ಸುಧಾ ಕೊಟ್ಟ ಹುಳಿಪುಡಿಯ ಡಬ್ಬ ಹಿಡಿದು ತ್ಯಾಗರಾಜನಗರದ ಚಿಕ್ಕಮ್ಮನ ಮನೆಗೆ ಹೋದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಬಾಗಿಲು ತೆರೆದಿತ್ತು. ಒಳಗೆ ಅಟ್ಟದ ಏಣಿಯ ಎರಡನೇ ಮೆಟ್ಟಿಲ ಮೇಲೆ ಚಿಕ್ಕಮ್ಮ ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ನನ್ನನ್ನು ಕಂಡು ನಿಧಾನವಾಗಿ, ಮಗು ಇಳಿಯುವಂತೆ ಎರಡೂ ಪಾದವನ್ನು ಒಂದೊಂದು ಮೆಟ್ಟಿಲಿಗೆ ಕೂಡಿಸಿ ಇಳಿದರು.

"ಅವಲಕ್ಕಿ ಡಬ್ಬ ಮೇಲಿತ್ತು," ಎಂದರು. ಕೈಯಲ್ಲಿ ಡಬ್ಬ ಇರಲಿಲ್ಲ.

ಅವರು ಕಾಫಿಗೆ ಒಳಗೆ ಹೋದಾಗ ಏಣಿಯನ್ನು ನೋಡಿದೆ. ಮೆಟ್ಟಿಲುಗಳ ಪಕ್ಕಕ್ಕೆ ಸೀಮೆಸುಣ್ಣದಲ್ಲಿ, ಎಷ್ಟು ಸಲ ಹತ್ತಿದರೆಂಬ ಲೆಕ್ಕದ ಗೀಟುಗಳಿದ್ದವು. ಮೊದಲನೆಯದಕ್ಕೆ ಆರು. ಎರಡನೆಯದಕ್ಕೆ ಮೂರು. ಮೂರನೆಯದಕ್ಕೆ ಒಂದು ಗೀಟು ಎಳೆದು, ಬೆರಳಿಂದ ಒರೆಸಿದ ಗುರುತು. ಪರೀಕ್ಷೆಯಲ್ಲಿ ಯಾರಿಗೂ ಅರ್ಧ ಅಂಕ ಹೆಚ್ಚಿಗೆ ಕೊಟ್ಟವರಲ್ಲ, ತಮಗೂ ಕೊಟ್ಟುಕೊಂಡಿರಲಿಲ್ಲ. ಅದರ ಮೇಲೆ ಇನ್ನೂ ನಾಲ್ಕು ಮೆಟ್ಟಿಲು ಖಾಲಿ ಇದ್ದವು.

ಅವರಿಗೆ ಏಣಿ ಆಗುವುದಿಲ್ಲ ಎಂದು ನಾನು ಬಾಯಿ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ನನ್ನಿಂದ ನೀವು ನೆಲದ ಮೇಲೆ ಮಲಗೋ ಹಾಗಾಯ್ತು, ನೀವು ಮೂವರೂ ಹೋಗಿ ಫೋಟೋ ತನ್ನಿ ಎನ್ನುತ್ತಾರೆ. ಅನ್ನುವುದಷ್ಟೇ ಅಲ್ಲ, ಹಾಗೇ ಮಾಡುತ್ತಾರೆ. ಬಾಯಿ ಬಿಡದಿದ್ದರೆ ಎರೆಹೊಲದ ನಡುವೆ ಅವರು ಏಣಿಯ ಕೆಳಗೆ ನಿಲ್ಲಬೇಕಾಗುತ್ತದೆ.

ಭಾನುವಾರ ಮತ್ತೆ ವರಾಂಡದಲ್ಲಿ ಸೇರಿದೆವು. ಮಂಜ ಪೆನ್ನು ತೆಗೆದ. ನಾನು ಗಂಟಲು ಸರಿಮಾಡಿಕೊಂಡು, "ಎತ್ತರದ್ದು ಬೇಡ. ನನಗೆ ಎತ್ತರ ಅಂದ್ರೆ ಭಯ," ಎಂದೆ.

ಸುಧಾ ಕಾಫಿ ಬಗ್ಗಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಆ ವಾರವಷ್ಟೇ ನಾನು ತಾರಸಿಯ ಟ್ಯಾಂಕಿನ ಮೇಲೆ ಹತ್ತಿ ಮುಚ್ಚಳ ಕೂರಿಸಿದ್ದೆ.

"ಯಾವಾಗಿಂದ ಕಣೋ?" ಎಂದ ಮಂಜ.

ಚಿಕ್ಕಮ್ಮ ಲೋಟ ಕೆಳಗಿಟ್ಟು, ಪಾಠ ಹೇಳುವ ಸ್ವರದಲ್ಲಿ ಹೇಳಿದರು: "ಅವನಿಗೆ ಚಿಕ್ಕಂದಿನಿಂದ್ಲೂ ಭಯ. ನಮ್ಮ ಹಿತ್ತಲ ಸೀಬೆಮರ ಒಂದು ದಿನಾನೂ ಹತ್ತಿದವನಲ್ಲ."

ಆ ಸೀಬೆಮರದಿಂದ ಬಿದ್ದು ನನ್ನ ಎಡಗೈ ಮುರಿದಿತ್ತು. ಮುರಿದ ಕೈಯನ್ನು ತಮ್ಮ ಸೀರೆಯ ತುಂಡಿನಲ್ಲಿ ಕಟ್ಟಿದವರು ಚಿಕ್ಕಮ್ಮ. ಆಸ್ಪತ್ರೆಯವರೆಗೆ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು ಮಂಜ.

ಮಂಜ ನನ್ನನ್ನು ನೋಡಿದ. ಚಿಕ್ಕಮ್ಮನನ್ನು ನೋಡಿದ. ಆಮೇಲೆ ಎತ್ತರದ ಟ್ರೇಲರಿನ ಕ್ಯಾಟಲಾಗನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡ.

"ಇಂಥ ಪುಕ್ಕಲನ್ನ ಕಟ್ಕೊಂಡು ನಾನು ನೆಲದ ಮೇಲೆ ಬಿದ್ಕೋಬೇಕು ನೋಡಿ ಟೀಚರ್. ಚೇಳು ಬಂದ್ರೆ ಮೊದ್ಲು ಇವನ ಕಡೆ ಕಳಿಸ್ತೀನಿ."

"ಕಳಿಸಪ್ಪಾ," ಎಂದರು ಚಿಕ್ಕಮ್ಮ.

ಗಿಡ್ಡದ್ದೇ ಬಂತು. ಹೊರಡುವ ಮೊದಲು ಊರಾಚೆಯ ಮಣ್ಣುರಸ್ತೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಅದರಲ್ಲಿ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದೆವು. ಪರವೂರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಸುಧಾ ಮತ್ತು ಚಿಕ್ಕಮ್ಮ ಸೇರಿ ಮನೆಯ ಕಾವೇರಿ ನೀರನ್ನೇ ನಾಲ್ಕು ದೊಡ್ಡ ಕ್ಯಾನಿಗೆ ತುಂಬಿ, ಅಡುಗೆ ಅಲ್ಲೇ ತಾನೆ ಎಂದು ಟ್ರೇಲರಿನ ಹಿಂಭಾಗಕ್ಕೆ ಒಟ್ಟಿದ್ದರು. ಚಕ್ರದ ಹಿಂದೆ ಭಾರ ಬಿದ್ದರೆ ಟ್ರೇಲರ್ ಏನು ಮಾಡುತ್ತದೆಂದು ಆ ದಿನ ಕಲಿತೆವು. ಅದು ಜೀಪಿನ ಹಿಂದೆ ಎಡಕ್ಕೂ ಬಲಕ್ಕೂ ಬಾಲ ಅಲ್ಲಾಡಿಸತೊಡಗಿತು. ಮಂಜ ಮೆಲ್ಲಗೆ ವೇಗ ಇಳಿಸಿ ನಿಲ್ಲಿಸಿ, ಬೆವರು ಒರೆಸಿಕೊಂಡ.

"ಟೀಚರ್, ಕೃಷ್ಣಾ ನದಿ ನೋಡೋಕೆ ಕಾವೇರೀನ ಕರ್ಕೊಂಡ್ ಹೋಗ್ತಿದೀರಲ್ಲ."

"ನಿನಗೆ ಸಾರು ಬೇಡ್ವಾ?"

ಮಂಜ ಕ್ಯಾನುಗಳನ್ನು ಎತ್ತಿ ಮುಂದಕ್ಕೆ ಇಟ್ಟ.

ಈ ಸಂಕ್ರಾಂತಿ ಕಳೆದ ಮೇಲೆ ಹೋದೆವು. ಜಾಡು ಮಂಜ ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು, ನೆಲ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಬೆಳಿಗ್ಗೆ ನಾನು ಸೊಂಟ ಹಿಡಿದುಕೊಂಡು ಎದ್ದಾಗ ಟ್ರೇಲರಿನ ಬಾಗಿಲು ಆಗಲೇ ತೆರೆದಿತ್ತು. ಚಿಕ್ಕಮ್ಮ ಹಾಸಿಗೆಯಿಂದ ಕಾಲು ಕೆಳಗೆ ಬಿಟ್ಟು, ಎರಡೂ ಪಾದ ಮಣ್ಣಿಗೆ ಊರಿ ಕೂತಿದ್ದರು. ಎದುರಿಗೆ ನೀರು, ಅದರಾಚೆಗೂ ನೀರು.

"ಭೀಮೇನ ನಾನು ತುಂಬಾ ಸಣ್ಣಕ್ಕೆ ಬರೀತಿದ್ದೆ ಕಣೋ," ಎಂದರು.

ಬಂದ ಮೇಲೂ ಅದೇ ಅವರನ್ನು ಕೊರೆಯುತ್ತಿತ್ತೆಂದು ಕಾಣುತ್ತದೆ. ಈ ಸೋಮವಾರ ಆಟೋ ಮಾಡಿಕೊಂಡು ತಮ್ಮ ಹಳೆಯ ಶಾಲೆಗೆ ಹೋಗಿ, ಏಳನೇ ತರಗತಿಯಲ್ಲಿ ಒಂದು ಪೀರಿಯಡ್ ಕೇಳಿ ಪಡೆದರಂತೆ. ಎರಡು ನದಿಗಳನ್ನು ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನೀವು ನೋಡಿದೀರಾ?" ಎಂದು ಕೇಳಿದಳಂತೆ.

ಚಿಕ್ಕಮ್ಮ, "ನೋಡಿದೀನಿ, ಕೂತ್ಕೋ," ಎಂದರಂತೆ.