ಅತ್ತೆಯವರು ಮೆತ್ತಿದ ಮಣ್ಣಿನ ಗೋಡೆಯ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಾವೇರಿಯ ಕಚೇರಿಯೊಂದರಲ್ಲಿ ಆವಕ-ಜಾವಕ ನೋಡಿಕೊಳ್ಳುವ ಗುಮಾಸ್ತನಾದ ನಾನು ಇದುವರೆಗೆ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕು. ನನ್ನ ಹೆಂಡತಿಯ ತಾಯಿಯವರು ನಮಗೆ ಮಾಡಿದ ಒಂದು ಉಪಕಾರವನ್ನು ದಾಖಲೆಗೆ ತರುವುದಷ್ಟೇ ನನ್ನ ಉದ್ದೇಶ.

ರಾಣೆಬೆನ್ನೂರಿನಲ್ಲಿರುವ ನಮ್ಮ ಮನೆಯನ್ನು ಅಜ್ಜ ಹಸಿ ಇಟ್ಟಿಗೆಯಲ್ಲಿ ಕಟ್ಟಿಸಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಆಗ ಓಣಿಯ ತುಂಬ ಸಿಮೆಂಟಿನ ಮನೆಗಳು ಏಳುತ್ತಿದ್ದವು. ಬ್ಯಾಡಗಿಯಿಂದ ಬರುವ ಬೀಗರು ಮಣ್ಣಿನ ಗೋಡೆ ನೋಡಿ ಏನಂದುಕೊಂಡಾರು ಎಂಬ ಅಂಜಿಕೆಯಿಂದ ಒಳಕೋಣೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ತಿಳಿನೀಲಿ ಬಣ್ಣ ಹೊಡೆಸಿದೆ. ಬೀಗರು ಹೊಗಳಿದರು. ನಾನು ಹಿಗ್ಗಿದೆ.

ಎರಡನೆಯ ಮಳೆಗಾಲದಲ್ಲಿ ಸದರಿ ಗೋಡೆ ಬೆವರತೊಡಗಿತು. ಬುನಾದಿಯಿಂದ ಏರಿದ ತೇವಕ್ಕೆ ಹೊರಬೀಳಲು ದಾರಿ ಇರಲಿಲ್ಲ. ಬಣ್ಣ ಉಬ್ಬಿ ಒಡೆದು ಬಿಳಿ ಉಪ್ಪು ಕಾಣಿಸಿಕೊಂಡಿತು. ಕೋಣೆಯೆಲ್ಲ ಮುಗ್ಗಲು ವಾಸನೆ. ಗರ್ಭಿಣಿಯಾಗಿದ್ದ ನನ್ನ ಹೆಂಡತಿಗೆ ಕೆಮ್ಮು ಹತ್ತಿತು. ಹೆರಿಗೆಗೆಂದು ತವರಿಗೆ ಹೊರಟ ದಿನವೂ ಅವಳು ಬಸ್ಸಿನ ಕಿಟಕಿಯಲ್ಲಿ ಕೆಮ್ಮುತ್ತಲೇ ಇದ್ದಳು. ತವರಿಗೆ ಹೋದ ಹದಿನೈದು ದಿನಕ್ಕೆ ಕೆಮ್ಮು ನಿಂತಿತೆಂಬ ಸುದ್ದಿ ಬಂತು. ಅದನ್ನು ಕೇಳಿ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ನಾನು ಬ್ಯಾಡಗಿಗೆ ಹೋದೆ. ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಅತ್ತೆಯಾದವರು ಅಳಿಯನ ಎದುರು ಕೂಡುವುದಿಲ್ಲ, ನೇರವಾಗಿ ಮಾತನಾಡುವುದಿಲ್ಲ. ಹೇಳಬೇಕಾದದ್ದನ್ನು ಹತ್ತಿರವಿದ್ದ ಮೂರನೆಯವರಿಗೆ ಹೇಳುತ್ತಾರೆ. ಅಂದು ಅತ್ತೆಯವರು ಬಾಗಿಲ ಮರೆಯಲ್ಲಿ ನಿಂತು ಮಾವನವರಿಗೆ ಹೇಳಿದರು:

"ಐದನೇ ತಿಂಗಳಕ್ಕ ಕಳಸೂದು ರೂಢಿ ಐತಿ, ಖರೇ. ಆದ್ರ ಆ ಗ್ವಾಡಿ ಒಣಗೂತನಕಾ ನನ್ನ ಮಗಳನ್ನೂ ಕಳಸೂದಿಲ್ಲ, ಕೂಸಿನ್ನೂ ಕಳಸೂದಿಲ್ಲ. ಹೇಳ್ರಿ ಅವರಿಗೆ."

ಮಾವನವರು ನನ್ನ ಕಡೆ ತಿರುಗಿ, "ಕೇಳಸ್ತಲ್ರಿ? ಈ ಮನ್ಯಾಗ ಅಕಿ ಮಾತು ನಾನ ಮೀರೂದಿಲ್ಲ," ಎಂದರು.

ಊರಿಗೆ ಮರಳಿ ಸಿಮೆಂಟನ್ನೆಲ್ಲ ಕೆರೆಸಿ ತೆಗೆಸಿದೆ. ಮಣ್ಣಿನ ಗೋಡೆಗೆ ಮಣ್ಣೇ ತಕ್ಕದ್ದೆಂದು ಅಷ್ಟರಲ್ಲಿ ತಿಳಿದಿತ್ತು. ಆದರೆ ಯಾವ ಮಣ್ಣು ಎಂಬುದನ್ನು ಯಾರನ್ನೂ ಕೇಳಲಿಲ್ಲ. ಕುಪ್ಪೇಲೂರಿನ ಹತ್ತಿರ ನಮ್ಮದೊಂದು ಎರೆ ಹೊಲವಿದೆ. ಅಲ್ಲಿಯ ಕರಿಮಣ್ಣು ಬೆಣ್ಣೆಯಂಥದ್ದೆಂದು ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಹೆಮ್ಮೆ. ಅದನ್ನೇ ಟ್ರ್ಯಾಕ್ಟರಿನಲ್ಲಿ ತರಿಸಿ, ಕಲಸಿ, ಕರಣಿಯಿಂದ ಕನ್ನಡಿಯಂತೆ ನಯಮಾಡಿದೆ. ಸಂಜೆಯೇ ಫೋನಿನ ಬೂತಿಗೆ ಹೋಗಿ, ಕೆಲಸ ಪೂರ್ಣಗೊಂಡಿದೆ ಎಂದು ಬ್ಯಾಡಗಿಗೆ ವರದಿ ಒಪ್ಪಿಸಿದೆ.

ಮೂರು ದಿನಗಳಲ್ಲಿ ಗೋಡೆ ಬತ್ತಿದ ಕೆರೆಯಂತೆ ಬಿರಿಯಿತು. ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ನಾಲ್ಕನೆಯ ದಿನ ಅತ್ತೆಯವರು, ಮೆಣಸಿನಕಾಯಿ ಚೀಲಗಳ ನಡುವೆ ಕುಳಿತು ಬಂದು, ಸೀನುತ್ತ ಬಸ್ಸಿನಿಂದ ಇಳಿದರು.

ಮನೆಯಲ್ಲಿ ನಾನೊಬ್ಬನೇ ಇದ್ದುದರಿಂದ ಪಕ್ಕದ ಮನೆಯ ದೊಡ್ಡವ್ವನನ್ನು ಜೊತೆಗೆ ಕರೆದುಕೊಂಡೇ ಒಳಗೆ ಬಂದರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಯಕ್ಕಾ, ಅಳ್ಯಾರು ಎರಿ ಹೊಲಾನ ತಂದು ಗ್ವಾಡಿಗೆ ಹಚ್ಚ್ಯಾರ ನೋಡ್ರಿ. ಇನ್ನ ಬಿತ್ತೂದೊಂದ ಬಾಕಿ."

"ತಡೀರಿ, ಒಂದು ಮಳಿ ಆಗ್ಲಿ. ಬಂಗಾರದಂಥಾ ಜ್ವಾಳ ಬರತೈತಿ," ಎಂದರು ದೊಡ್ಡವ್ವ.

ನಾನು ತಲೆ ತಗ್ಗಿಸಿದೆ. ಮಗಳು ಈ ಮನೆಯ ಹೊಸ್ತಿಲನ್ನು ತಾನೇ ನಡೆದು ದಾಟುವ ವಯಸ್ಸಾಗುವವರೆಗೆ ನನಗೆ ಸಿಗುವುದಿಲ್ಲವೆಂದು ಖಚಿತವಾಯಿತು. ಆದರೆ ಅತ್ತೆಯವರು ಹಿಂದಿರುಗುವ ಬಸ್ಸಿನ ಹೊತ್ತು ವಿಚಾರಿಸಲಿಲ್ಲ. "ಎರಿ ಒಣಗಿದ್ರ ಕುಗ್ಗತೈತಿ ಯಕ್ಕಾ, ಬಿರೀತೈತಿ. ಕೆಂಪು ಮಸಾರಿ ಮಣ್ಣು ಬೇಕು. ಇಲ್ಲೆಲ್ಲಿ ಸಿಗತೈತಿ ಕೇಳ್ರಿ," ಎಂದರು.

ಆ ಮಾತು ದೊಡ್ಡವ್ವನಿಂದ ನನಗೆ ತಲುಪುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಗೋಡೆಯ ಕರಿಮಣ್ಣನ್ನು ಕೆರೆದು ಹಾಕಿ, ಹಿತ್ತಲಲ್ಲಿ ಗುಂಡಿ ತೋಡಿ, ಸೋಸಿದ ಕೆಂಪು ಮಣ್ಣಿಗೆ ಹೊಟ್ಟು ಸೇರಿಸಿ ನೀರು ಬಿಟ್ಟೆವು. ಅದು ಎಂಟು ದಿನ ಕೊಳೆಯಬೇಕಿದ್ದುದರಿಂದ ಅತ್ತೆಯವರು ಸಂಜೆಯ ಬಸ್ಸಿಗೆ ಬ್ಯಾಡಗಿಗೆ ಮರಳಿದರು. ಪ್ರತಿದಿನ ಕಚೇರಿಗೆ ಹೋಗುವ ಮೊದಲು, ಬಂದ ನಂತರ, ಪ್ಯಾಂಟು ಮಡಚಿ ಅದನ್ನು ತುಳಿಯುವುದು ನನಗೆ ವಹಿಸಲಾದ ಕೆಲಸ. ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ; ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿ ತಾನಾಗಿ ಕಿಟಕಿಯ ಕಡೆ ಸರಿಯಿತು.

ಒಂಬತ್ತನೆಯ ದಿನ ಭಾನುವಾರ. ಅತ್ತೆಯವರು ಬೆಳಗಿನ ಬಸ್ಸಿಗೆ ಬಂದು, ಹಿಂದಿನಂತೆಯೇ ದೊಡ್ಡವ್ವನನ್ನು ಜೊತೆಗೆ ಕರೆದುಕೊಂಡರು. ನಾನು ಗೋಡೆಗೆ ನೀರು ಚಿಮುಕಿಸಿ, ಕರಣಿಯಿಂದ ಮಣ್ಣು ಹಚ್ಚತೊಡಗಿದೆ.

"ಯಕ್ಕಾ, ಕರಣಿಲೆ ತಿಕ್ಕಬ್ಯಾಡ ಅಂತ ಹೇಳ್ರಿ ಅವರಿಗೆ."

"ತಿಕ್ಕಬ್ಯಾಡಂತ ನೋಡಪಾ," ಎಂದು ದೊಡ್ಡವ್ವ ಹೇಳಿ ಮುಗಿಸುವುದರೊಳಗೆ ಹಚ್ಚಿದ್ದೆಲ್ಲ ಜಾರಿ ಅತ್ತೆಯವರ ಪಾದದ ಮೇಲೆ ಬಿತ್ತು.

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. "ಅಳ್ಯಾರ, ಕರಣಿ ಕೆಳಗಿಡ್ರಿ! ಅಂಗೈಲೆ ಒತ್ರಿ, ಕೆಳಗಿಂದ ಮ್ಯಾಲೆ. ರೊಟ್ಟಿ ಬಡಿಯೂದು ಕಂಡಿಲ್ಲೇನು?"

ಮದುವೆಯಾಗಿ ಎರಡು ವರ್ಷಗಳಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಕರಣಿ ಕೆಳಗಿಟ್ಟೆ. ಅವರು ಒಂದು ಕ್ಷಣ ತಾವೇ ಬೆಚ್ಚಿದಂತೆ ನಿಂತರು.

"ಹಂಗಾರ ನಂದೇನು ಕೆಲಸಿಲ್ಲ, ಎಮ್ಮಿಗೆ ನೀರು ಕುಡಸ್ತೇನಿ," ಎಂದು ದೊಡ್ಡವ್ವ ನಗುತ್ತ ಅಂಗಳಕ್ಕೆ ನಡೆದರು.

ಅಂದು ಮಧ್ಯಾಹ್ನದವರೆಗೆ ಇಬ್ಬರೂ ಅಕ್ಕಪಕ್ಕ ನಿಂತು ಮೆತ್ತಿದೆವು. "ಮಣ್ಣಿನ ಗ್ವಾಡಿ ನೀರು ಕುಡಿತೈತಿ, ಬಿಡತೈತಿ. ನೀವು ಅದರ ಬಾಯಿ ಕಟ್ಟಿದ್ರಿ," ಎಂದರು. "ನಿಮ್ಮನ್ನ ಹೆದರಿಸಿದವರು ನಾವ ಬಿಡ್ರಿ. ಸಿಮೆಂಟ್ ನೋಡಿ ನಾವೂ ಛಲೋ ಅಂದ್ವಿ." ಈ ಎರಡನೆಯ ಮಾತನ್ನು ಅವರು ಆಡಬೇಕಾದ ಅಗತ್ಯವಿರಲಿಲ್ಲ. ತಪ್ಪು ಸಂಪೂರ್ಣವಾಗಿ ನನ್ನದಾಗಿತ್ತು. ಅದರಲ್ಲಿ ಅರ್ಧ ಪಾಲನ್ನು ಅವರು ತಾವಾಗಿಯೇ ತೆಗೆದುಕೊಂಡರು.

ಮುಂದಿನ ವಾರ ಮರಳು, ಸೆಗಣಿ ಬೆರೆಸಿದ ಸಣ್ಣ ಮಣ್ಣಿನ ತೆಳು ಲೇಪ ಕೊಟ್ಟೆವು. ಮೂರು ವಾರ ಬಿಟ್ಟು ಅತ್ತೆಯವರು ಪರಿಶೀಲನೆಗೆ ಬಂದರು. ಮುಂಗೈಯನ್ನು ಗೋಡೆಗೆ ಒತ್ತಿದರು. ಮೂಲೆಗಳಲ್ಲಿ ಬಾಗಿ ಮೂಸಿದರು. ಮೇಲಧಿಕಾರಿಗಳ ತಪಾಸಣೆಯಲ್ಲಿಯೂ ನಾನು ಅಷ್ಟು ಉಸಿರು ಹಿಡಿದು ನಿಂತಿದ್ದಿಲ್ಲ.

"ಗುರುವಾರ ಛಲೋ ಐತ್ರಿ," ಎಂದರು. "ಕರಕೊಂಡು ಹೋಗಾಕ ಬರ್ರಿ."

ಗುರುವಾರ, ಅಗಲೀಕರಣ ನಡೆದಿದ್ದ ಹೆದ್ದಾರಿಯ ಧೂಳಿನಲ್ಲಿ, ಮಗಳ ಮುಖಕ್ಕೆ ಸೆರಗು ಮುಚ್ಚಿ ಕರೆತಂದೆವು. ಹೆಂಡತಿ ಕೋಣೆಯ ನಡುವೆ ನಿಂತು ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಗೋಡೆಯ ಮೇಲೆ ಕೈಯಾಡಿಸುತ್ತ, "ಇದು ಅವ್ವಂದು, ಇದೂ ಅವ್ವಂದು," ಎಂದು ಹೇಳುತ್ತ ಹೋಗಿ, ಮಂಚದ ಹಿಂದಿನ ಉಬ್ಬುತಗ್ಗಿನ ಮೂಲೆಯಲ್ಲಿ ನಿಂತಳು. "ಇದು ಯಾರದಂತ ಕೇಳೂದ ಬ್ಯಾಡ."

ಕೂಸನ್ನು ಆ ಮೂಲೆಗೇ ಮಲಗಿಸಿದೆವು. ಆ ವರ್ಷದ ಮಳೆಗಾಲ ದೊಡ್ಡದಾಗಿತ್ತು. ನಮ್ಮ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.