ಎಡಗಡೆ ಅರ್ಧ ಇಂಚು

ಗುಬ್ಬಿ ಪೇಟೆಯ ಹೆಂಗಸರ ರವಿಕೆಯ ಅಳತೆಗಳೆಲ್ಲ ನನ್ನ ದೊಡ್ಡಮ್ಮ ಬಸವಲಿಂಗಮ್ಮನಿಗೆ ಬಾಯಿಪಾಠ. ಒಮ್ಮೆ ಟೇಪು ಹಿಡಿದರೆ ಮರೆಯುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ವಾರಗಿತ್ತಿ ಶಕುಂತಲಮ್ಮನ ಪಡಸಾಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬದುಕುತ್ತಿದ್ದಳು.

೧೯೭೭ರ ಶ್ರಾವಣ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ದೊಡ್ಡಮ್ಮ ಕೊರಳಿನ ಶಿವದಾರ ಮುಂದೆ ಚಾಚಿದಳು.

"ಇದನ್ನ ನಾಕು ಬೆರಳು ಉದ್ದ ಮಾಡ್ಕೊಡಪ್ಪ. ಲಿಂಗದ ಕರಡಿಗೆ ಉಜ್ಜಿ ಉಜ್ಜಿ ಎದೆ ಮೇಲೆ ಗಂಟಾಗೈತೆ."

"ನೋಯ್ತದಾ ದೊಡ್ಡಮ್ಮ?"

"ಇಲ್ಲ ಕಣೋ."

ಒಳಗಿನಿಂದ ಶಕುಂತಲಮ್ಮ ಕೂಗಿದಳು: "ಕರಡಿಗೆ ನಾನೂ ಕಟ್ಟಿಲ್ವೇನೆ? ಕೂಸು ಕುಡೀದ ಎದೆ, ಕಲ್ಲಾಗ್ದೆ ಇನ್ನೇನಾಯ್ತದೆ!"

ದೊಡ್ಡಮ್ಮ ಸೆರಗು ಹೊದ್ದು ಮೆಷಿನ್ ತುಳಿಯತೊಡಗಿದಳು. ಬೆಳ್ಳಿಯ ಕರಡಿಗೆ ನುಣ್ಣಗಿತ್ತು. ಉಜ್ಜಿದರೆ ಚರ್ಮ ದಡ್ಡುಗಟ್ಟಬಹುದು, ಒಳಗೆ ಗಂಟಾಗದು. ಅಷ್ಟು ಯೋಚಿಸದೆ ದಾರ ಕಟ್ಟಿಕೊಟ್ಟೆ.

ಆಮೇಲೆ ಅವಳು ಯಾರ ಮುಂದೆಯೂ ಆ ಮಾತೆತ್ತಲಿಲ್ಲ. ಎರಡು ವರ್ಷಕ್ಕೆ ಎಡ ಎದೆಯ ಗಂಟು ಒಡೆದು, ವಾಸನೆ ಮುಚ್ಚಿಡಲಾಗದಾಗ ತುಮಕೂರಿಗೆ ಕರೆದೊಯ್ದೆ. ಡಾಕ್ಟರು ವಯಸ್ಸು ಕೇಳಿದರು, ನಲವತ್ತೆಂಟು. ಹೆರಿಗೆ, ಇಲ್ಲ. ತಾಯಿ?

"ನಮ್ಮವ್ವನೂ ಎದೆ ಹುಣ್ಣಾಗೇ ಹೋದ್ಲು ಸ್ವಾಮಿ."

ಹೊರಗೆ ನಾನೊಬ್ಬನೇ ಡಾಕ್ಟರನ್ನು ಕೇಳಿದೆ: ಮಕ್ಕಳಾಗದ್ದಕ್ಕೆ ಬಂದದ್ದೇ?

"ಸಂಭವ ಸ್ವಲ್ಪ ಜಾಸ್ತಿ. ತಾಯಿಗೆ ಇದ್ರೆ ಇನ್ನೂ ಜಾಸ್ತಿ. ಹಾಗಂತ ಆರು ಹೆತ್ತವರಿಗೂ ಬರ್ತದೆ. ಮೊದಲೇ ತಂದಿದ್ರೆ ಆಪರೇಷನ್ ಮಾಡಬಹುದಿತ್ತು. ಈಗ ಎಲ್ಲಾ ಕಡೆ ಹರಡಿದೆ."

ಸಂಭವ ಬೇರೆ, ತಪ್ಪು ಬೇರೆ ಎಂದು ಬಸ್ಸಿನಲ್ಲಿ ದೊಡ್ಡಮ್ಮನಿಗೆ ಬಿಡಿಸಿ ಹೇಳಿದೆ.

"ಶಕುಂತಲಂಗೆ ಮಾತ್ರ ಇದೆಲ್ಲ ಹೇಳ್ಬೇಡ ಕಣಪ್ಪ. ಕರಡಿಗೆ ಅಂತಲೇ ಇರ್ಲಿ."

೧೯೮೦ರ ಯುಗಾದಿಗೆ ಮುಂಚೆ ತೀರಿಕೊಂಡಳು. ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದೆವು.

ಹನ್ನೊಂದನೆಯ ದಿನ ಶಕುಂತಲಮ್ಮ ಅವಳ ಟ್ರಂಕು ತೆಗೆದು ಒಂದು ನೀಲಿ ರವಿಕೆ ತೊಟ್ಟು ನೋಡಿ ಬಂದಳು.

"ಒಳ್ಳೆ ಬಟ್ಟೆ ಕಣೋ. ಎಡಗಡೆ ಮಾತ್ರ ದೊಗಲೆ, ಒಂಚೂರು ಹಿಡಿಸ್ಬೇಕು."

ದೊಡ್ಡಮ್ಮನ ಟೇಪಿನಲ್ಲೇ ಅಳೆದೆ. ಬಲಕ್ಕಿಂತ ಎಡಕ್ಕೆ ಅರ್ಧ ಇಂಚು ಹೆಚ್ಚು ಬಿಟ್ಟಿದ್ದಳು. ಅಳತೆಯಲ್ಲಿ ಅವಳು ತಪ್ಪಿದವಳಲ್ಲ. ಅದು ನನ್ನ ಅಕ್ಕನ ಮದುವೆಗೆಂದು ಹೊಲಿದುಕೊಂಡದ್ದು, ೧೯೭೬ರಲ್ಲಿ; ನಾನು ದಾರ ಕಟ್ಟಿಕೊಡುವುದಕ್ಕೆ ಒಂದು ವರ್ಷ ಮುಂಚೆ.