ಮಾರಣ್ಣನ ಎದೆಯ ಸದ್ದು

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ದೊಡ್ಡೇರಿ ಕಡೆಯ ನಮ್ಮೂರಲ್ಲಿ ಕಿಟಕಿಯಿಂದಲೇ ರೋಗ ಕಂಡುಹಿಡಿಯುವ ಮನುಷ್ಯನೊಬ್ಬನಿದ್ದ. ನಮ್ಮಪ್ಪ, ಆಸ್ಪತ್ರೆಯ ಕಾಂಪೌಂಡರ್. ಮಧುಗಿರಿಯಿಂದ ಡಾಕ್ಟರು ಬುಧವಾರ ಬರುತ್ತಿದ್ದರು, ಬಸ್ಸು ಬಂದರೆ. ಉಳಿದ ದಿನ ಅಪ್ಪನೇ ಡಾಕ್ಟರು.

ಊರೊಳಗಿನವರನ್ನು ಬೆಂಚಿನ ಮೇಲೆ ಕೂರಿಸಿ ಎದೆಗೆ ಸ್ಟೆತಾಸ್ಕೋಪು ಇಡುತ್ತಿದ್ದ. ಊರಾಚೆಯ ಕೇರಿಯವರನ್ನು ಮುಟ್ಟುವಂತಿಲ್ಲವಲ್ಲ, ಅವರು ಹಿಂದಿನ ಕಿಟಕಿಗೆ ಬರಬೇಕು. ಜ್ವರವಾಗಲಿ, ಕೆಮ್ಮಾಗಲಿ, ಅವರು ತಂದ ಸೀಸೆಗೆ ಮೇಲಿನಿಂದ ಅದೇ ಗುಲಾಬಿ ಬಣ್ಣದ ಔಷಧಿ ನೀರು.

ಕಡ್ಲೆಕಾಯಿ ಕೀಳುವ ಕಾಲ. ಅಪ್ಪ ಮಧ್ಯಾಹ್ನ ಊಟಕ್ಕೆ ಹೋದನೆಂದರೆ ಆಸ್ಪತ್ರೆ ನನ್ನದು. ನನಗೆ ಹದಿಮೂರು. ಒಂದು ಹಿಡಿ ಹಸಿ ಕಡ್ಲೆಕಾಯಿ ಕೊಟ್ಟ ಹುಡುಗರಿಗೆ ನನ್ನ ಆಟ ನೋಡುವ ಅವಕಾಶ. ಅಪ್ಪನ ಹಾಗೆ ಕಿಟಕಿಯತ್ತ ಕತ್ತು ಚಾಚಿ, "ಏನ್ಲಾ, ನಾಲ್ಗೆ ತೋರ್ಸು. ಹೂಂ, ಹೋಗು. ಶಿರಾದಾಗೆ ಯಾರ್ಗೋ ಭೇದಿ ಆಗ್ತೈತೆ ಕಣ್ಲಾ, ಇಲ್ಲಿಗೇ ಕಾಣ್ತೈತೆ" ಅಂದರೆ, ಫಿನಾಯಿಲ್ ವಾಸನೆಯ ನೆಲದ ಮೇಲೆ ಹೊರಳಾಡಿ ನಗುತ್ತಿದ್ದರು.

ಒಂದು ದಿನ ಕಿಟಕಿಯಾಚೆಯಿಂದಲೂ ನಗು ಕೇಳಿಸಿತು. ತಮಟೆ ಬಾರಿಸುವ ಮಾರಣ್ಣ, ಕೈಯಲ್ಲಿ ಖಾಲಿ ಸೀಸೆ. ಅಪ್ಪನಿಗಿಂತ ಹಿರಿಯ. ನಗು ಕೆಮ್ಮಾಗಿ ತಿರುಗಿ, ಕಿಟಕಿಯ ಸರಳು ಹಿಡಿದು ನಿಂತ.

"ಮೂರು ತಿಂಗಳಾತು ಬುದ್ದಿ. ಕೆಂಪು ನೀರು ಕುಡ್ದು ಕುಡ್ದು ಸಾಕಾತು. ಆ ಕೊಳವೆ ಒಂದ್ಸಲ ನನ್ನೆದೆಗೂ ಇಕ್ಕಿ ನೋಡ್ರಲ್ಲ."

ನನ್ನ ಆಟಕ್ಕೆ ನಿಜವಾದ ರೋಗಿ ಸಿಕ್ಕಿದ್ದ. "ಒಳಕ್ಕೆ ಬಾ," ಅಂದೆ.

"ಬ್ಯಾಡ ಬುದ್ದಿ, ನಿಮ್ಮಪ್ಪಾರು ಬೈತಾರೆ."

"ನಾನಿಲ್ವಾ? ಬಾ."

ಬೆಂಚಿನ ತುದಿಯಲ್ಲಿ ಅರ್ಧ ಕೂತ. ಕೊಳವೆ ಇಟ್ಟೆ. ಹೇಳಬೇಕಾದ ಮಾತು ಮೊದಲೇ ಸಿದ್ಧವಿತ್ತು. ಆದರೆ ಒಳಗೆ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸಿಳ್ಳು, ಅದರಡಿ ಮುದ್ದೆಯ ಎಸರು ಕುದಿಯುವಂಥ ಗೊರಗೊರ. ನನ್ನ ಎದೆ ಕೇಳಿದ್ದೆ, ಗೆಳೆಯರದ್ದು ಕೇಳಿದ್ದೆ. ಇದು ಹಾಗಿರಲಿಲ್ಲ.

ಹುಡುಗರು ಕಾಯುತ್ತಿದ್ದರು. "ಒಳಗೂ ತಮಟೆ ಬಾರಿಸ್ತಾವ್ರೆ," ಅಂದುಬಿಟ್ಟೆ.

ಎಲ್ಲರೂ ನಕ್ಕರು. ಮಾರಣ್ಣನೂ ನಕ್ಕ. ಆಮೇಲೆ ನನಗೊಬ್ಬನಿಗೇ ಕೇಳುವಂತೆ, "ದಿಟ ಹೇಳ್ರಿ ಬುದ್ದಿ, ಏನೈತೆ?" ಅಂದ.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ.

ಈ ಕಥೆಯನ್ನು ಮದುವೆಮನೆಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತೇನೆ. ಉಳಿದದ್ದು ಇಷ್ಟು.

"ಯಾರ್ಲಾ ಇವನ್ನ ಒಳಕ್ಕೆ ಬುಟ್ಟಿದ್ದು?"

"ನಾನಲ್ಲಪ್ಪ. ಅವ್ನೇ ಬಂದ್ಬುಟ್ಟ."

ಮಾರಣ್ಣ ನನ್ನ ಕಡೆ ನೋಡಲಿಲ್ಲ. "ತಪ್ಪಾತು ಸಾಮಿ," ಎಂದು ಎದ್ದು, ಸುತ್ತಿಬಳಸಿ ಕಿಟಕಿಗೆ ಬಂದು ಸೀಸೆ ಹಿಡಿದ. ಅಪ್ಪ ಮೇಲಿನಿಂದ ಸುರಿದ. ಕೇಳಿದ ಸದ್ದನ್ನು ಅಪ್ಪನಿಗೆ ಹೇಳಿದ್ದರೆ ಬುಧವಾರ ಡಾಕ್ಟರಿಗಾದರೂ ತಿಳಿಯುತ್ತಿತ್ತೇನೋ. ಅಪ್ಪ ಬೆಂಚು ತೊಳೆಯಲು ಹೇಳಿದ. ತೊಳೆದೆ.

ಆ ಯುಗಾದಿಗೆ ಮಾರಣ್ಣನ ತಮಟೆ ಅವನ ತಮ್ಮನ ಕೈಯಲ್ಲಿತ್ತು.